ಡಿಸ್ಕ್ ಡ್ರೈವರಿಗೆ 'ಎಂ' ಕೊಟ್ಟರೆ ಬೂಟ್ ಯಾಕೆ ನಿಲ್ಲುತ್ತದೆ?

ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ಮೊದಲು ಕರ್ನಲ್ ಬಳಸುವ ಪುಟ್ಟ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದೆ ಲಿನಕ್ಸ್ ಕರ್ನಲ್ ಬಿಲ್ಡ್ ಮಾಡಿದ್ದೀರಿ, ನಿಮ್ಮ ಎನ್‌ವಿಎಂಇ ಡಿಸ್ಕಿನ ಡ್ರೈವರಿಗೆ 'ಎಂ' (ಅಂದರೆ ಬೇಕಾದಾಗ ಲೋಡ್ ಆಗುವ ಬೇರೆ ಮಾಡ್ಯೂಲ್ ಫೈಲಾಗಿರಲಿ ಅಂತ) ಕೊಟ್ಟಿದ್ದೀರಿ, ಬೂಟ್ ಆಗುವಾಗ 'ಅನ್‌ನೋನ್ ಬ್ಲಾಕ್ (0,0)' ಎಂದು ಪ್ಯಾನಿಕ್ ಆಗಿ ಕರ್ನಲ್ ನಿಂತುಬಿಡುತ್ತಿದೆ ಅಂದಿರಿ, ಅಲ್ವಾ? ಎಡವಟ್ಟು ಆ 'ಎಂ'ನಲ್ಲೇ ಇದೆ. ಮಾಡ್ಯೂಲ್ ಫೈಲು ಕೂತಿರುವುದು ಡಿಸ್ಕಿನಲ್ಲಿ, ಡಿಸ್ಕ್ ಓದಲು ಬೇಕಾಗಿರುವುದೂ ಅದೇ ಮಾಡ್ಯೂಲ್. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ.

ಕರ್ನಲ್ ಆಯ್ಕೆಗಳ ಮೆನುವಾದ ಮೆನುಕಾನ್ಫಿಗ್‌ನಲ್ಲಿ ಸ್ಲ್ಯಾಷ್ ಒತ್ತಿ ಎನ್‌ವಿಎಂಇ ಹುಡುಕಿ, 'ವೈ' (ಕರ್ನಲ್ ಒಳಗೇ ಸೇರಿಸು ಅಂತ) ಕೊಡಿ. ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕಿನ ಭಾಗ) ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಆಗಿದ್ದರೆ ಅದಕ್ಕೂ 'ವೈ'. ಇಷ್ಟಾದ ಮೇಲೂ ಅದೇ ಪ್ಯಾನಿಕ್ ಬಂದರೆ ಬೂಟ್‌ಲೋಡರ್ ಗ್ರಬ್‌ನ ಲಿನಕ್ಸ್ ಸಾಲು ನೋಡಿ. 'ರೂಟ್=ಯುಯುಐಡಿ' ಅಂತ ಇದೆಯಾ? ಫೈಲ್‌ಸಿಸ್ಟಮ್ಮಿನ ಯುಯುಐಡಿ (ಗುರುತಿನ ಸಂಖ್ಯೆ) ಕರ್ನಲ್‌ಗೆ ತಾನಾಗಿ ಅರ್ಥವಾಗುವುದಿಲ್ಲ, ಅದನ್ನು ಹುಡುಕಿಕೊಡುವುದು ಇನಿಟ್‌ರಾಮ್‌ಎಫ್‌ಎಸ್ ಕೆಲಸ. ಅದರ ಬದಲು ಪಾರ್ಟಿಷನ್ನಿನದೇ ಗುರುತಾದ ಪಾರ್ಟ್‌ಯುಯುಐಡಿ ಹಾಕಿ. ಇದೊಂದು ಗೊತ್ತಿಲ್ಲದೆ ನಾನು ಇಡೀ ಭಾನುವಾರ ಹಾಳು ಮಾಡಿಕೊಂಡಿದ್ದೆ.

ಹಾಗಂತ ಎಲ್ಲಕ್ಕೂ 'ವೈ' ಕೊಡಬೇಡಿ. ವೈಫೈ ಡ್ರೈವರ್ ಕರ್ನಲ್ ಒಳಗೇ ಇದ್ದರೆ ರೂಟ್ ಮೌಂಟ್ ಆಗುವ ಮೊದಲೇ ಫರ್ಮ್‌ವೇರ್ (ವೈಫೈ ಚಿಪ್ಪಿಗೆ ತುಂಬಬೇಕಾದ ಫೈಲು) ಕೇಳುತ್ತದೆ, ಸಿಗದಿದ್ದರೆ ಸುಮ್ನೆ ಕೈಚೆಲ್ಲುತ್ತದೆ. ಅದು ಮಾಡ್ಯೂಲಾಗಿಯೇ ಇರಲಿ.

ಈಗ ಲೋಡ್ ಆಗಿರುವ ಮಾಡ್ಯೂಲುಗಳನ್ನು ನೋಡಿ ಕಾನ್ಫಿಗ್ ಚಿಕ್ಕದು ಮಾಡುವ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸುವುದಾದರೆ ಮೊದಲು ಪ್ರಿಂಟರ್, ವೆಬ್‌ಕ್ಯಾಮ್, ಪೆನ್‌ಡ್ರೈವ್ ಎಲ್ಲ ಚುಚ್ಚಿಟ್ಟುಕೊಳ್ಳಿ. ಆ ಹೊತ್ತಿಗೆ ಲೋಡ್ ಆಗಿರದ ಮಾಡ್ಯೂಲುಗಳನ್ನು ಅದು ಕಿತ್ತು ಹಾಕುತ್ತದೆ. ಹೊಸದು ಬೂಟ್ ಆಗದಿದ್ದರೆ ಬೇಕಾಗುತ್ತದೆ, ಹಳೇ ಕರ್ನಲನ್ನು ಮಾತ್ರ ಗ್ರಬ್ ಮೆನುವಿನಿಂದ ಸದ್ಯಕ್ಕೆ ತೆಗೆಯಬೇಡಿ.