ಮನೆಯ ಮುಂದಿನ ಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿವೆ. ನಮ್ಮ ಕಡೆಯ ಟೊಂಗೆಗಳನ್ನಷ್ಟೇ ಕಡಿಸಬಹುದೇ?

ದಯವಿಟ್ಟು ಕಡಿಸಬೇಡಿ. ಹಿಕ್ಕೆ, ವಾಸನೆ, ಕಾರಿನ ಬಣ್ಣ ಕೆಡುವುದು ಎಂದು ನೀವು ಬರೆದಿರುವುದೆಲ್ಲ ನಿಜ. ಪಟಾಕಿ ಹೊಡೆದು ಹಕ್ಕಿಗಳನ್ನು ಓಡಿಸುವುದಕ್ಕಿಂತ ಗೇಟಿನ ಮೇಲೆ ಚಾಚಿರುವ ಟೊಂಗೆಗಳನ್ನಷ್ಟೇ ತೆಗೆಸುವುದು ಸೌಮ್ಯವಾದ ದಾರಿ ಎಂದು ನಿಮಗೆ ಅನ್ನಿಸಿರುವುದೂ ಸಹಜ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯೆದುರಿನ ಮಳೆಮರದ ವಿಷಯದಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು, ಮತ್ತು ನಾನು ಕಡಿಸಿದೆ.

ಅದು ನಮ್ಮ ಓಣಿಯ ಎಲ್ಲ ಮನೆಗಳಿಗಿಂತ ಹಳೆಯ ಮರವಾಗಿತ್ತು. ಮೂಲತಃ ಮಧ್ಯ ಮತ್ತು ದಕ್ಷಿಣ ಅಮೆರಿಕಕ್ಕೆ ಸೇರಿದ್ದರೂ ಬ್ರಿಟಿಷರ ಕಾಲದಿಂದ ನೆರಳಿಗೆಂದು ನೆಟ್ಟುಕೊಂಡು ಬಂದಿರುವ ಈ ಜಾತಿಯ ಮರಗಳನ್ನು ನಮ್ಮ ಕ್ಯಾಂಪ್ ಪ್ರದೇಶದಲ್ಲಿ ಓಡಾಡಿದವರೆಲ್ಲ ಬಲ್ಲರು. ಕಾಂಡ ನೆಲದಿಂದ ಅಷ್ಟು ಎತ್ತರಕ್ಕೆ ಹೋಗದೆಯೇ ಕವಲೊಡೆಯುತ್ತದೆ, ಒಂದೊಂದು ಕವಲೂ ರಸ್ತೆ ದಾಟಿ ಎದುರು ಮನೆಯ ಮಾಳಿಗೆಯವರೆಗೆ ಚಾಚುತ್ತದೆ, ಸಂಜೆಯಾದರೆ ಎಲೆಗಳು ಮುದುಡಿಕೊಳ್ಳುತ್ತವೆ. ಮುಂಗಾರಿನ ಮೊದಲ ಮಳೆಗಳು ಬೀಳುತ್ತಿದ್ದಂತೆ ತಲೆ, ಕತ್ತು, ಬೆನ್ನಿಗೆಲ್ಲ ಕಿತ್ತಳೆ ಬಣ್ಣ ಏರಿದ ಬೆಳ್ಳಕ್ಕಿಗಳು ಅಲ್ಲಿಗೆ ಕಡ್ಡಿ ಹೊತ್ತು ತರತೊಡಗಿದವು. ಆರಂಭದಲ್ಲಿ ಮನೆಯವರೆಲ್ಲ ಸಂತೋಷದಿಂದಲೇ ನೋಡುತ್ತಿದ್ದೆವು. ಜುಲೈ ಹೊತ್ತಿಗೆ ಮರಿಗಳು ಹೊರಬಂದು, ಗೇಟು, ಮೆಟ್ಟಿಲು, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಬಿಳಿ ಹಿಕ್ಕೆ ಸುರಿಯಲಾರಂಭಿಸಿದಾಗ, ಮತ್ತು ಅರೆಜೀರ್ಣವಾದ ಕಪ್ಪೆಯ ತುಂಡುಗಳು ಅಂಗಳದಲ್ಲಿ ಬಿದ್ದು ಕೊಳೆಯತೊಡಗಿದಾಗ, ಆ ಸಂತೋಷ ಉಳಿಯಲಿಲ್ಲ. ಶ್ರಾವಣದಲ್ಲಿ ಮಗಳ ನಾಮಕರಣವಿತ್ತು. ಪೆಂಡಾಲು ಹಾಕಬೇಕು, ನೆಂಟರು ಬರುತ್ತಾರೆ, ಈ ವಾಸನೆಯಲ್ಲಿ ಊಟಕ್ಕೆ ಕೂರಿಸುವುದು ಹೇಗೆ ಎಂಬ ಚಿಂತೆ ಹತ್ತಿತು. ಮರ ಕಡಿಯುವವನನ್ನು ಕರೆಸಿ, ನಮ್ಮ ಮನೆಯ ಕಡೆಗಿರುವ ಟೊಂಗೆಗಳನ್ನು ಮಾತ್ರ ತೆಗೆಯಲು ಹೇಳಿದೆ.

ಎದುರು ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಹಗ್ಗ ಏರಿಸುವುದನ್ನು ಕಂಡು ಹೊರಗೆ ಬಂದು, ‘ನಿಮ್ಮ ಕಡೆ ಹಗುರ ಮಾಡಿದರೆ ನಮ್ಮ ಕಡೆ ಭಾರವಾಗುವುದಿಲ್ಲವೇ’ ಎಂದು ಕೇಳಿದರು. ನಾನು ಸರಿಯಾಗಿ ಉತ್ತರವನ್ನೂ ಕೊಡಲಿಲ್ಲ.

ಮೊದಲ ದಪ್ಪ ಟೊಂಗೆ ಬೀಳುವಾಗಲೇ ಗೂಡುಗಳು ಚದುರಿದವು. ಬೆಳ್ಳಕ್ಕಿಯ ಗೂಡೆಂದರೆ ಕೆಳಗೆ ನಿಂತು ನೋಡಿದರೆ ಆಕಾಶ ಕಾಣುವಷ್ಟು ತೆಳುವಾಗಿ ಒಟ್ಟಿದ ಕಡ್ಡಿಗಳು, ಅಷ್ಟೆ. ಟೊಂಗೆ ಅಲುಗಿದರೆ ಅದರಲ್ಲಿ ಏನೂ ನಿಲ್ಲುವುದಿಲ್ಲ. ನಮ್ಮ ಮೆಟ್ಟಿಲಿನ ಮೇಲೆ ಬಿದ್ದ ಒಂದು ಮರಿ ಈಗಲೂ ನನ್ನ ಕಣ್ಣ ಮುಂದಿದೆ. ಹಸಿರು ಮಿಶ್ರಿತ ಚರ್ಮದ ಮೇಲೆ ಅಲ್ಲಲ್ಲಿ ಬಿಳಿ ತುಪ್ಪಳ, ದೇಹಕ್ಕೆ ಮೀರಿದ ಪಾದಗಳು, ಇನ್ನೂ ಗರಿ ಮೂಡದ ರೆಕ್ಕೆಗಳು. ನಾನು ಹತ್ತಿರ ಹೋದಾಗ ಅದು ಹೆದರಿ, ತಾಯಿ ಬೆಳಿಗ್ಗೆ ತಿನ್ನಿಸಿದ್ದ ಮಿಡತೆಗಳನ್ನೆಲ್ಲ ಕಕ್ಕಿತು. ಕೊಕ್ಕರೆ ಜಾತಿಯ ಮರಿಗಳು ಭಯವಾದಾಗ ಹೀಗೆಯೇ ಮಾಡುತ್ತವೆ. ಓಣಿಯ ಮಕ್ಕಳು ಬಿದ್ದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಸಿದರು. ಹೆಚ್ಚಿನವು ರಾತ್ರಿ ಕಳೆಯುವಷ್ಟರಲ್ಲಿ ಸತ್ತವು. ನಾಮಕರಣದ ದಿನ ಅಂಗಳ ಸ್ವಚ್ಛವಾಗಿತ್ತು, ಆದರೆ ಎದುರು ಮನೆಯವರು ಬರಲಿಲ್ಲ.

ಇನ್ನು ಆ ತಪ್ಪಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನೀವು ಕೇಳಿರುವುದೇ ಅದನ್ನು. ಟೊಂಗೆ ಕಡಿದದ್ದಕ್ಕಿಂತ ಒಂದೇ ಕಡೆ ಕಡಿದದ್ದು ದೊಡ್ಡ ತಪ್ಪು. ಮರ ತನ್ನ ಹರವನ್ನು ವರ್ಷಾನುವರ್ಷ ತೂಗಿಸಿಕೊಂಡೇ ಬೆಳೆದಿರುತ್ತದೆ. ಯಾವ ಕಡೆ ಎಷ್ಟು ಭಾರವಿದೆಯೋ ಅದಕ್ಕೆ ತಕ್ಕಂತೆ ಕಾಂಡ ದಪ್ಪವಾಗಿ, ಬೇರು ಹಿಡಿತ ಬಿಗಿ ಮಾಡಿಕೊಂಡಿರುತ್ತದೆ. ನಾನು ಮಾಡಿಸಿದ್ದು ಹೆಗಲ ಮೇಲಿನ ಕಾವಡಿಯ ಒಂದು ಕಡೆಯ ಹೊರೆಯನ್ನು ಮಾತ್ರ ಇಳಿಸಿದ ಕೆಲಸ. ಅಂದಿನಿಂದ ಆ ಮರ ತೂಗಬೇಕಾದ ಭಾರವೆಲ್ಲ ರಸ್ತೆಯ ಆಚೆಗೆ ಉಳಿಯಿತು, ಗಾಳಿಯ ಹೊಡೆತವನ್ನೂ ಆ ಕಡೆಯ ಹರವೇ ತಡೆದುಕೊಳ್ಳಬೇಕಾಯಿತು. ಈಚೆಗೆ, ನಮ್ಮ ಗೇಟಿನ ಮೇಲೆ, ಮೊಂಡಾದ ಗಾಯಗಳು ಉಳಿದವು: ಸುತ್ತ ಬಿಳಿಯ ಹಸಿಮರ, ನಡುವೆ ಕಂದು ಬಣ್ಣದ ತಿರುಳು. ಅಷ್ಟು ಅಗಲದ ಗಾಯವನ್ನು ಮರ ತೊಗಟೆಯಿಂದ ಮುಚ್ಚಿಕೊಳ್ಳುವ ಮೊದಲೇ ಮಳೆನೀರು ಇಳಿದು ತಿರುಳು ಕೊಳೆಯಲು ಶುರುವಾಗುತ್ತದೆ. ಕಡಿದ ಅಂಚಿನಲ್ಲಿ ದಟ್ಟವಾಗಿ ಚಿಗುರಿದ್ದನ್ನು ಕಂಡು, ಮರ ಚೇತರಿಸಿಕೊಂಡಿತು ಎಂದು ನಾನು ಸಮಾಧಾನಪಟ್ಟೆ. ಅದು ಚೇತರಿಕೆಯಲ್ಲ. ಸಹಜವಾದ ಟೊಂಗೆ ಕಾಂಡದ ಒಳಗಿನಿಂದ ಬೆಸೆದುಕೊಂಡು ಬಂದಿರುತ್ತದೆ. ಈ ಹೊಸ ಚಿಗುರುಗಳು ತೊಗಟೆಯ ಕೆಳಗಿನ ಹೊರಪದರಕ್ಕಷ್ಟೇ ಅಂಟಿಕೊಂಡು ನೆಟ್ಟಗೆ ಏರುತ್ತವೆ, ಬೇಗ ಉದ್ದವಾಗುತ್ತವೆ, ತೋಳಿನ ಗಾತ್ರಕ್ಕೆ ಬಂದಾಗ ಗಾಳಿಗೆ ಬುಡಸಮೇತ ಕಿತ್ತು ಬೀಳುತ್ತವೆ. ಟೊಂಗೆ ಬೀಳುವ ಅಪಾಯವೇ ಇಲ್ಲದಿದ್ದ ನಮ್ಮ ಗೇಟಿನ ಮೇಲೆ ಆ ಅಪಾಯವನ್ನು ಹಣ ಕೊಟ್ಟು ತರಿಸಿಕೊಂಡವನು ನಾನು.

ಕೆಲವು ಮಳೆಗಾಲಗಳ ನಂತರ, ಜುಲೈ ತಿಂಗಳ ಜಡಿಮಳೆಯಲ್ಲಿ ನೆಲವೆಲ್ಲ ಮೆತ್ತಗಾಗಿದ್ದಾಗ, ಮರ ಬೇರುಸಮೇತ ಎದುರು ಮನೆಯ ಕಡೆಗೆ ಒರಗಿತು. ಆ ಶಿಕ್ಷಕಿಯ ಕಾಂಪೌಂಡು ಗೋಡೆ, ನೀರಿನ ಟಾಕಿ, ಓಣಿಯ ವಿದ್ಯುತ್ ತಂತಿ ಎಲ್ಲವೂ ಅದರಡಿಗೆ ಹೋದವು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಪುಣ್ಯ. ಗೋಡೆಯ ಖರ್ಚನ್ನು ನಾನು ಕೊಟ್ಟೆ. ಈಗ ಮಧ್ಯಾಹ್ನದ ಬಿಸಿಲು ನೇರವಾಗಿ ನಮ್ಮ ಪಡಸಾಲೆಗೆ ಬರುತ್ತದೆ, ಬೇಸಿಗೆಯಲ್ಲಿ ಫ್ಯಾನು ಸಾಲದೆ ಕೂಲರ್ ತಂದಿದ್ದೇವೆ.

ಅಷ್ಟು ಮಾಡಿದ್ದರಿಂದ ಹಿಕ್ಕೆಯಾದರೂ ತಪ್ಪಿತೇ ಎಂದರೆ ಅದೂ ಇಲ್ಲ. ಕಡಿಸಿದ ಮರುವರ್ಷವೇ ಬೆಳ್ಳಕ್ಕಿಗಳು ಉಳಿದ ಅರ್ಧದಲ್ಲಿ ಒತ್ತೊತ್ತಾಗಿ ಗೂಡು ಕಟ್ಟಿದ್ದವು. ಮರ ಬಿದ್ದ ಮೇಲೆ ಅದೇ ಓಣಿಯ ತುದಿಯ ಇನ್ನೊಂದು ಮಳೆಮರಕ್ಕೆ ಹೋದವು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ‘ಇವುಗಳಿಗೆ ಕಾಡಿಲ್ಲವೇ, ಊರಿನೊಳಗೆ ಏಕೆ ಬರಬೇಕು’ ಎಂಬ ಮಾತಿದೆ. ಅದನ್ನು ನಾನು ಒಪ್ಪುವುದಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಗಾಲ್ಫ್ ಮೈದಾನದ ಸುತ್ತ ಚಿರತೆ ಕಾಣಿಸಿಕೊಂಡು, ಶಾಲೆಗಳಿಗೆ ರಜೆ ಕೊಟ್ಟು, ಶಿವಮೊಗ್ಗ ಬಳಿಯ ಸಕ್ರೆಬೈಲು ಆನೆ ಬಿಡಾರದಿಂದ ಆನೆಗಳನ್ನು ಕರೆಸಿ ಹುಡುಕಿದಾಗ, ಹಿಡಿದು ಕಾಡಿಗೆ ಬಿಡಬೇಕು ಎಂಬ ಮಾತಿಗೆ ಅರ್ಥವಿತ್ತು. ಬೆಳ್ಳಕ್ಕಿ ಹಾಗಲ್ಲ. ಖಾನಾಪುರದಾಚೆ ಭೀಮಗಡದ ದಟ್ಟ ಕಾಡಿದೆ ನಿಜ, ಆದರೆ ಅಲ್ಲಿ ಅದಕ್ಕೆ ಕೆಲಸವಿಲ್ಲ. ಅದಕ್ಕೆ ಬೇಕಾದದ್ದು ಬಯಲು, ದನ, ನೀರು ನಿಂತ ಗದ್ದೆ. ಯಳ್ಳೂರು, ವಡಗಾವಿ, ಶಹಾಪುರದ ಕಡೆ ಬಾಸುಮತಿ ಬೆಳೆಯುವ ಗದ್ದೆಗಳಲ್ಲಿ ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರಿನ ಹಿಂದೆಯೇ ಸಾಲುಗಟ್ಟಿ ನಡೆಯುವ ಹಕ್ಕಿಗಳನ್ನು ನೋಡಿ. ಮಗುಚಿದ ಮಣ್ಣಿನಿಂದ ಹೊರಬಿದ್ದ ಹುಳು, ಮಿಡತೆ, ಕಪ್ಪೆಮರಿಗಳನ್ನು ಆರಿಸಿ, ಸಂಜೆಯೊಳಗೆ ಊರಿನ ಮರಗಳಿಗೆ ಮರಳುತ್ತವೆ. ಗದ್ದೆಗೆ ಹತ್ತಿರವಿರುವ, ಗೂಡಿಗೆ ತಕ್ಕಷ್ಟು ಹರವಾದ ಹಳೆಯ ಮರಗಳು ಇಂದು ಹೊಲದಲ್ಲಿಲ್ಲ, ರಸ್ತೆಯ ಬದಿಯಲ್ಲಿವೆ. ಜನರ ಓಡಾಟವಿರುವಲ್ಲಿ ಗೂಡು ದೋಚುವ ಪ್ರಾಣಿಗಳ ಕಾಟವೂ ಕಡಿಮೆ. ಆ ಹಕ್ಕಿಗಳು ನಿಮ್ಮ ಓಣಿಯ ನಿವಾಸಿಗಳೇ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಬುಡ ಕಡಿಯುವುದಷ್ಟೇ ಅಲ್ಲ, ಟೊಂಗೆ ಸವರುವುದು, ಸುಡುವುದು, ತೊಗಟೆ ಕೆತ್ತುವುದು ಎಲ್ಲವೂ ಮರ ಕಡಿಯುವುದರಲ್ಲೇ ಸೇರಿವೆ. ಇದಕ್ಕೆ ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಯ, ಅನುಮತಿ ಪಡೆಯಬೇಕು. ಅದರ ಮೇಲೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೆಳ್ಳಕ್ಕಿಯಂಥ ವನ್ಯ ಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆಡಿಸುವುದನ್ನು ಬೇಟೆಯೆಂದೇ ಪರಿಗಣಿಸುತ್ತದೆ. ನನಗೆ ಯಾವ ದಂಡವೂ ಬೀಳಲಿಲ್ಲ. ಬಿದ್ದಿದ್ದರೆ ಅದು ನ್ಯಾಯವಾಗಿರುತ್ತಿತ್ತು.

ನಿಮ್ಮ ಬಳಿ ಇರುವುದು ಒಂದು ಋತುವಿನ ಕಷ್ಟ ಮಾತ್ರ. ಮೊಟ್ಟೆಗೆ ಮೂರೂವರೆ ವಾರದಷ್ಟು ಕಾವು, ಮರಿ ಹಾರಲು ಅದಾದ ಮೇಲೆ ಸುಮಾರು ಒಂದು ತಿಂಗಳು. ಎಲ್ಲ ಜೋಡಿಗಳೂ ಒಟ್ಟಿಗೆ ಆರಂಭಿಸುವುದಿಲ್ಲವಾದ್ದರಿಂದ ಸೆಪ್ಟೆಂಬರ್‌ವರೆಗೂ ಎಳೆಯಬಹುದು, ದಸರೆಯ ಹೊತ್ತಿಗೆ ಸಾಮಾನ್ಯವಾಗಿ ಗೂಡುಗಳು ಬರಿದಾಗುತ್ತವೆ. ಅಲ್ಲಿಯವರೆಗೆ ಕಾರನ್ನು ಬೇರೆಡೆ ನಿಲ್ಲಿಸಿ, ಅದು ಆಗದಿದ್ದರೆ ಹೊದಿಕೆ ಹಾಕಿ. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಬಣ್ಣವನ್ನು ತಿನ್ನುತ್ತದೆ, ಆದ್ದರಿಂದ ಒಣಗಲು ಬಿಡದೆ ನೀರು ಹಾಕಿ ನೆನೆಸಿ ತೊಳೆಯಬೇಕು, ಉಜ್ಜಬಾರದು. ಗೇಟಿನಿಂದ ಬಾಗಿಲವರೆಗೆ ತಗಡಿನ ಇಳಿಜಾರು ಮಾಡು ಹಾಕಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಮರ ಕಡಿಯುವವನಿಗೆ ನಾನು ಕೊಟ್ಟ ಹಣದ ಜೊತೆ ಗೋಡೆಯ ಖರ್ಚು ಸೇರಿಸಿದರೆ ಅಂಥ ಹಲವು ಮಾಡುಗಳು ಏಳುತ್ತಿದ್ದವು. ನೀರಿನ ಟಾಕಿಯ ಮುಚ್ಚಳ ಬಿಗಿಯಾಗಿರಲಿ. ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆಯಿರಿ.

ಮರ ನಿಜವಾಗಿಯೂ ಸವರಬೇಕಾದ ಸ್ಥಿತಿಯಲ್ಲಿದ್ದರೆ ಗೂಡುಗಳು ಬರಿದಾದ ಮೇಲೆ, ನವೆಂಬರಿನಿಂದ ಫೆಬ್ರುವರಿಯೊಳಗೆ, ಅನುಮತಿ ಪಡೆದು ಮಾಡಿಸಿ. ಒಣಗಿದ ಮತ್ತು ತೆಳುವಾದ ಟೊಂಗೆಗಳನ್ನು ಅವು ಹುಟ್ಟಿದ ಉಬ್ಬಿನ ಅಂಚಿನಲ್ಲಿ ಕತ್ತರಿಸಿ, ಮರದ ಎಲ್ಲ ಸುತ್ತಿನಿಂದಲೂ ಸಮವಾಗಿ ತೆಗೆಯಬೇಕು. ಒಂದು ವರ್ಷಕ್ಕೆ ಹರವಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಲೇಬಾರದು. ಅದಕ್ಕೆ ಮೊದಲು ಎದುರು ಮನೆಯವರನ್ನು ಕರೆದು ಮರದ ಕೆಳಗೆ ನಿಂತು ಮಾತನಾಡಿ, ಅವರ ಕಡೆಯಿಂದ ಮರ ಬೇರೆಯೇ ರೀತಿ ಕಾಣುತ್ತದೆ.

ಈಗಂತೂ ಮರಿಗಳಿರುವ ಕಾಲ. ಗಾಳಿಗೆ ಮರಿಯೇನಾದರೂ ಕೆಳಗೆ ಬಿದ್ದರೆ ಬಟ್ಟೆ ಹೊದಿಸಿ ಎತ್ತಿ, ಮುಖಕ್ಕೆ ಹತ್ತಿರ ಹಿಡಿಯಬೇಡಿ, ಹೆದರಿದ ಮರಿ ಕೊಕ್ಕಿನಿಂದ ಕಣ್ಣಿಗೇ ಕುಕ್ಕುತ್ತದೆ. ಹಾಲು, ಅನ್ನ ತಿನ್ನಿಸಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಾಯಿ ಬೆಕ್ಕು ಬಾರದ ಕಡೆ ಇರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.