ಪದವನ್ನು ಬೆರಳಿಂದ ಮುಚ್ಚಿ ಓದಿ

ಪ್ರಿಯ ಲೇಖಕಿಗೆ,

ನೀವು ಕಳಿಸಿದ ‘ಮನಃಶಾಸ್ತ್ರದ ಪದಗಳು: ಸರಳ ಪರಿಚಯ’ ತಲುಪಿತು. ಭಾಷೆ ತಿಳಿಯಾಗಿದೆ, ಅಕ್ಷರದೋಷ ಇಲ್ಲವೆನ್ನುವಷ್ಟು ಕಡಿಮೆ. ಸಂತೋಷ. ಆದರೆ ಮೂರನೇ ಪುಟದಲ್ಲಿ ನನಗೆ ರೇಗಿತು. ರೇಗಿದ್ದೇಕೆಂದು ಹೇಳಿಬಿಡುತ್ತೇನೆ.

ನಿಮ್ಮ ಸಾಲು ಇದು: ‘ಋಣಾತ್ಮಕ ಪುನರ್ಬಲನ ಎಂದರೆ ತಪ್ಪು ಮಾಡಿದವರನ್ನು ಶಿಕ್ಷಿಸಿ ವರ್ತನೆಯನ್ನು ತಿದ್ದುವುದು.’

‘ಶಿಕ್ಷಿಸಿ’ ಎಂಬುದನ್ನು ಮೊದಲು ಹೊಡೆದುಹಾಕಿ. ‘ಧನಾತ್ಮಕ’ ಎಂದರೆ ಏನನ್ನೋ ಕೊಡುವುದು, ‘ಋಣಾತ್ಮಕ’ ಎಂದರೆ ಏನನ್ನೋ ತೆಗೆಯುವುದು, ಅಷ್ಟೇ. ಪುನರ್ಬಲನ ಧನಾತ್ಮಕವಿರಲಿ, ಋಣಾತ್ಮಕವಿರಲಿ, ಅದರಿಂದ ವರ್ತನೆ ಹೆಚ್ಚುತ್ತದೆ. ಶಿಕ್ಷೆಯಿಂದ ತಗ್ಗುತ್ತದೆ. ಪ್ರಾಣಿಗಳ ವರ್ತನೆ ಪರೀಕ್ಷಿಸಲು ಮನಃಶಾಸ್ತ್ರಜ್ಞ ಸ್ಕಿನ್ನರ್ ಮಾಡಿದ ಪೆಟ್ಟಿಗೆಯಲ್ಲಿ ನೆಲಕ್ಕೆ ವಿದ್ಯುತ್ ಹರಿಯುತ್ತಿರುತ್ತದೆ. ಒಳಗಿನ ಇಲಿ ಸನ್ನೆಕೋಲು ಒತ್ತಿದರೆ ಅದು ನಿಲ್ಲುತ್ತದೆ. ಮುಂದಿನ ಸಲ ಇಲಿ ನೇರ ಸನ್ನೆಕೋಲಿನ ಕಡೆಗೇ ಓಡುತ್ತದೆ. ಹಿಂಸೆ ತೊಲಗಿದ್ದರಿಂದ ಒತ್ತುವ ವರ್ತನೆ ಬಲವಾಯಿತು. ತಲೆನೋವಿಗೆ ಮಾತ್ರೆ ನುಂಗಿ ನೋವು ಹೋದವರು ಮತ್ತೆ ನೋವು ಬಂದಾಗ ಮಾತ್ರೆ ಹುಡುಕುವುದೂ ಇದೇ. ‘ತಪ್ಪು ಮಾಡಿದವರನ್ನು’ ಅಂದಿದ್ದೀರಿ. ಆ ಇಲಿ ಮಾಡಿದ ತಪ್ಪೇನು?

ಉದಾಹರಣೆ ಇನ್ನೂ ತೊಡಕಿನದು: ‘ಓದದ ಮಗುವಿನ ಮೊಬೈಲ್ ಕಿತ್ತುಕೊಳ್ಳುವುದು.’ ಇಷ್ಟವಾದದ್ದನ್ನು ಕಿತ್ತುಕೊಂಡು ಒಂದು ವರ್ತನೆಯನ್ನು ತಗ್ಗಿಸುವುದು ಋಣಾತ್ಮಕ ಶಿಕ್ಷೆ. ಏನನ್ನೋ ತೆಗೆದದ್ದು ನಿಜ, ಆದರೆ ಫಲ ತಿರುಗುಮುರುಗು. ನಿಮ್ಮ ಪರವಾಗಿಯೂ ಒಂದು ಮಾತಿದೆ: ಸ್ವತಃ ಸ್ಕಿನ್ನರ್ 1938ರ ಪುಸ್ತಕದಲ್ಲಿ ಈ ಪದವನ್ನು ಹೆಚ್ಚುಕಡಿಮೆ ನಿಮ್ಮ ಅರ್ಥದಲ್ಲೇ ಬಳಸಿದ್ದರು. 1953ರ ಹೊತ್ತಿಗೆ ಆ ಅರ್ಥವನ್ನು ಕೈಬಿಟ್ಟರು. ನೀವೂ ಬಿಡಿ.

ಎರಡನೆಯದು: ‘ಅರಿವಿನ ಅಸಾಂಗತ್ಯ ಎಂದರೆ ಮನಸ್ಸಿನಲ್ಲಿ ಉಂಟಾಗುವ ಒಂದು ಬಗೆಯ ಗೊಂದಲ.’

ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಜ್ಞಾನದ ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ನಾವು ಬರೆದ ಪದವನ್ನು ಹೆಬ್ಬೆರಳಿಂದ ಮುಚ್ಚಿ, ವ್ಯಾಖ್ಯೆಯನ್ನಷ್ಟೇ ಗಟ್ಟಿಯಾಗಿ ಓದುವರು. ಪದ ಯಾವುದೆಂದು ಉಳಿದವರು ಹೇಳಬೇಕು. ಒಬ್ಬೊಬ್ಬರು ಒಂದೊಂದು ಪದ ಕೂಗಿದರೆ ಹಾಳೆ ವಾಪಸ್. ‘ಒಂದು ಬಗೆಯ’, ‘ಒಂದು ರೀತಿಯ’ ಕಂಡರೆ ಓದುವ ಗೋಜಿಗೂ ಹೋಗುತ್ತಿರಲಿಲ್ಲ. ಅವರ ಮೇಜಿನ ಹತ್ತಿರ ಹೋಗಲು ಕಾಲೇ ಬರುತ್ತಿರಲಿಲ್ಲ ನನಗೆ.

ನಿಮ್ಮ ಸಾಲನ್ನು ಹಾಗೆ ಮುಚ್ಚಿ ಓದಿ. ಆತಂಕ ಅನ್ನಬಹುದು, ಇಬ್ಬಂದಿತನ ಅನ್ನಬಹುದು, ಮರೆವು ಅಂದರೂ ನಡೆದೀತು. ಅಸಾಂಗತ್ಯಕ್ಕೇ ಸೇರಿದ್ದು ಎಲ್ಲಿದೆ? ನಂಬಿಕೆಯೊಂದು, ನಡೆ ಇನ್ನೊಂದು. ಅವು ಹೊಂದದಿದ್ದಾಗಿನ ಕಸಿವಿಸಿ. ಅದನ್ನು ಕಳೆದುಕೊಳ್ಳಲು ನಂಬಿಕೆಯನ್ನೇ ಬಾಗಿಸುವುದು. ಈ ಮೂರೂ ಬರಬೇಕು. 1959ರ ಪ್ರಯೋಗವೊಂದರಲ್ಲಿ ಮನಃಶಾಸ್ತ್ರಜ್ಞರಾದ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ವಿದ್ಯಾರ್ಥಿಗಳಿಂದ ಬೇಸರ ಹುಟ್ಟಿಸುವ ಕೆಲಸ ಮಾಡಿಸಿ, ‘ಚೆನ್ನಾಗಿತ್ತು’ ಎಂದು ಮುಂದಿನವರಿಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಕೆಲಸ ನಿಜಕ್ಕೂ ಹಿಡಿಸಿತು ಎಂದು ಆಮೇಲೆ ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು. 20 ಸಿಕ್ಕವರಿಗೆ ಸುಳ್ಳಿಗೊಂದು ಕಾರಣವಿತ್ತು. 1 ಡಾಲರಿನವರಿಗೆ ಅದಿರಲಿಲ್ಲ, ಅಭಿಪ್ರಾಯವನ್ನೇ ಬದಲಿಸಿಕೊಂಡರು. ಇದನ್ನು ಬರೆದರೆ ‘ಗೊಂದಲ’ ತಾನಾಗಿ ಬಿದ್ದುಹೋಗುತ್ತದೆ.

ಉಳಿದ ಪದಗಳ ಗೊಡವೆಗೆ ಈಗ ಹೋಗುವುದಿಲ್ಲ. ಈ ಎರಡನ್ನು ಹೊಸದಾಗಿ ಬರೆದು ಕಳಿಸಿ. ಮೊಬೈಲಿನ ಉದಾಹರಣೆಯನ್ನು ಎಸೆಯಬೇಡಿ. ‘ಋಣಾತ್ಮಕ ಶಿಕ್ಷೆ’ಯ ಕೆಳಗೆ ಹಾಕಿ. ಆ ಪದ ನಿಮ್ಮ ಪಟ್ಟಿಯಲ್ಲೇ ಇಲ್ಲ.

ಇಂತಿ,
ಸಂಪಾದಕ