ಬಾಸ್ ನುಡಿಸುತ್ತಾ ಹಾಡಲು ಆಗುತ್ತಾ? ಫಿಲ್ ಲೈನಟ್ ಹೇಗೆ ಕಲಿತ ನೋಡಿ

ಬೆಳಗಾವಿಯಲ್ಲಿ ಗೆಳೆಯರೆಲ್ಲ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೀರಿ, ಹಾಡುವವರು ನೀವು, ಈಗ ಬಾಸ್ ಗಿಟಾರನ್ನೂ (ತಗ್ಗು ದನಿಯ ಗಿಟಾರು) ನೀವೇ ಹಿಡಿಯಬೇಕಾಗಿದೆ, ಎರಡೂ ಒಟ್ಟಿಗೆ ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ ರೀ. ನಾನು ಬೆಳಗಾವಿಯ ಟಿಳಕವಾಡಿಯವನು, ಅದನ್ನೇ ಮಾಡುತ್ತೇನೆ. ನನಗೆ ಧೈರ್ಯ ಕೊಟ್ಟವನು ಐರ್ಲೆಂಡಿನ ಥಿನ್ ಲಿಝಿ ಎಂಬ ರಾಕ್ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಾ ಹಾಡುತ್ತಿದ್ದ ಫಿಲ್ ಲೈನಟ್.

ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ. ತಾಯಿ ಐರ್ಲೆಂಡಿನವರು, ತಂದೆ ಗಯಾನಾದವರು. ಬೆಳೆದದ್ದು ಡಬ್ಲಿನ್‌ನಲ್ಲಿ, ಅಜ್ಜಿಯ ಹತ್ತಿರ. ಮೊದಲು ಅವನು ಬರೀ ಹಾಡುಗಾರ. ಸ್ಕಿಡ್ ರೋ ಎಂಬ ಬ್ಯಾಂಡಿನಲ್ಲಿದ್ದಾಗ, 1969ರಲ್ಲಿ, ಟಾನ್ಸಿಲ್ ಆಪರೇಷನ್ ಮಾಡಿಸಿಕೊಂಡು ಬಂದರೆ ಅವನ ಜಾಗವೇ ಹೋಗಿತ್ತು. ತೆಗೆದುಹಾಕಿದ ಬ್ರಷ್ ಶೀಲ್ಸ್ ಆ ಬ್ಯಾಂಡಿನ ಬಾಸ್ ವಾದಕ. ಅವನಿಗೇ ಮನಸ್ಸು ತಡೆಯಲಿಲ್ಲ, ಫಿಲ್‌ನನ್ನು ಕೂರಿಸಿಕೊಂಡು ಬಾಸ್ ಕಲಿಸಿದ. ಅಂದರೆ ಇಪ್ಪತ್ತರ ಹೊಸ್ತಿಲಲ್ಲಿ ಕಲಿಯಲು ಶುರು ಮಾಡಿದವನು ಅವನು! ಅದೇ ವರ್ಷದ ಕೊನೆಗೆ ಥಿನ್ ಲಿಝಿ ಹುಟ್ಟಿತು.

ಡ್ರಮ್ಸ್‌ಗೆ ಶಾಲೆಯ ಗೆಳೆಯ ಬ್ರಯಾನ್ ಡೌನಿ. 1983ರಲ್ಲಿ ಬ್ಯಾಂಡ್ ಮುಗಿಯುವವರೆಗೂ ಜೊತೆಗಿದ್ದ. ಇದು ತುಂಬಾ ಮುಖ್ಯ. ಹಾಡುತ್ತಾ ಬಾಸ್ ನುಡಿಸುವವನಿಗೆ ಕಣ್ಣು ಮುಚ್ಚಿ ನಂಬುವಂಥ ಡ್ರಮ್ಮರ್ ಬೇಕೇ ಬೇಕು.

1973ರಲ್ಲಿ ಐರ್ಲೆಂಡಿನ ಒಂದು ಜನಪದ ಹಾಡು ಅವರನ್ನು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿಸಿತು. 1976ರ 'ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್' ಅಮೆರಿಕದಲ್ಲೂ ಹೆಸರು ತಂದಿತು. ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕೆಳಗೆ ಬಾಸ್ ಓಡಾಡುತ್ತಲೇ ಇರುತ್ತದೆ. ಮೇಲೆ ದನಿ ಅರ್ಧ ಹಾಡು, ಅರ್ಧ ಮಾತು. ಸಾಲಿಗೆ ಹಿಡಿಸದಷ್ಟು ಶಬ್ದ ತುಂಬಿ, ಬೀಟಿಗಿಂತ (ತಾಳದ ಪೆಟ್ಟಿಗಿಂತ) ಸ್ವಲ್ಪ ತಡವಾಗಿ ಬಿಡುತ್ತಾನೆ. ಎಷ್ಟು ಸಲ ಕೇಳಿದರೂ ನನಗೆ ಸಾಕಾಗುವುದಿಲ್ಲ.

ಆಮೇಲೆ ಹೆರಾಯಿನ್ ಅವನನ್ನು ಹಾಳು ಮಾಡಿತು. 1986ರ ಜನವರಿ 4ರಂದು ತೀರಿಕೊಂಡ, ಬರೀ 36 ವರ್ಷಕ್ಕೆ. ಈಗಲೂ ಹೊಟ್ಟೆ ಉರಿಯುತ್ತದೆ. ರಾಕ್ ಅಂದರೆ ನಶೆ ಬೇಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅವರ ಜೊತೆ ಕೂರಬೇಡಿ.

ಇನ್ನು ಅಭ್ಯಾಸ. ಕೈ ಬೀಟಿನ ಮೇಲೆ ನಿಲ್ಲಬೇಕು, ನಾಲಿಗೆ ಬೀಟು ಬಿಟ್ಟು ಓಡಬೇಕು, ಕಷ್ಟ ಇರುವುದು ಇಲ್ಲೇ. ಮೊದಲು ಬಾಸ್ ಒಂದನ್ನೇ ನುಡಿಸಿ. ಮನೆಯವರು ಏನಾದರೂ ಕೇಳಿದರೆ ಕೈ ನಿಲ್ಲಿಸದೆ ಉತ್ತರ ಕೊಡುವಷ್ಟು ರೂಢಿಯಾಗಲಿ. ನಂತರ ರಾಗ ಬಿಟ್ಟು ಶಬ್ದಗಳನ್ನು ಸುಮ್ನೆ ಮಾತಿನಂತೆ ಹೇಳಿ, ನಿಧಾನವಾಗಿ. ಯಾವ ಅಕ್ಷರಕ್ಕೆ ಯಾವ ಸ್ವರ ಬೀಳುತ್ತದೆ ಅಂತ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಕೊನೆಗೆ ರಾಗ ಸೇರಿಸಿ.

ಸಾಧ್ಯವಾದರೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೋಗಿ, ಚೌಡಿಕೆ ಪದ ಕೇಳಿ. ಜೋಗತಿಯರು ಕಂಕುಳಲ್ಲಿ ಚೌಡಿಕೆ ಇಟ್ಟುಕೊಂಡು, ತಂತಿ ಮೀಟುತ್ತಲೇ ಕಥೆ ಹಾಡುತ್ತಾರೆ. ಕೈಯನ್ನು ಒಮ್ಮೆಯೂ ನೋಡುವುದಿಲ್ಲ. ನಮಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲೂ ಸಿಗುವುದಿಲ್ಲ ಅಂತ ನನ್ನ ನಂಬಿಕೆ.

ಮತ್ತೆ, ರಿಹರ್ಸಲ್‌ನಲ್ಲಿ ಡ್ರಮ್ಮರ್ ಕಾಣುವ ಹಾಗೆ ಓರೆಯಾಗಿ ನಿಂತುಕೊಳ್ಳಿ. ನಿಮ್ಮ ಬ್ಯಾಂಡ್ ಯಾವ ಹಾಡಿನಿಂದ ಶುರು ಮಾಡುತ್ತಿದೆ ಅಂತ ತಿಳಿಸಿದರೆ ಅದರ ಬಾಸ್ ಲೈನ್ ಹೇಗೆ ಸರಳ ಮಾಡಬಹುದು ಅಂತ ಬರೆಯುತ್ತೇನೆ.